ಲಾರ್ಡ್ ಮ್ಯಾಕ್ಲೌಡ್ ಮತ್ತು ಕ್ರೋಮಾರ್ಟಿ ಮನೆತನ

ಲಾರ್ಡ್ ಮ್ಯಾಕ್ಲೌಡ್ (1727-1789): ಸ್ಕಾಟ್ಲೆಂಡಿನ ಶ್ರೀಮಂತ, ಸೇನಾನಿ. ಸ್ವಂತ ಹೆಸರು ಜಾನ್ ಮೆಕೆಂಜಿ. ಕ್ರೋಮಾರ್ಟಿಯ ಮೂರನೆಯ ಅರ್ಲ್ ಜಾರ್ಜ್ ಮೆಕೆಂಜಿಯ ಹಿರಿಯ ಮಗ. ಹದಿನೆಂಟರ ಹರೆಯದಲ್ಲಿ ತಂದೆಯ ಜೊತೆ ಬ್ರಿಟಿಷ್ ದೊರೆಯ ವಿರುದ್ಧ ಬಂಡೆದ್ದು ಸೆರೆಸಿಕ್ಕಿದ. ಮನೆತನದ ಪದವಿ, ಜಮೀನು ಎರಡೂ ಹೋದವು. ಬಹುಕಾಲ ಸ್ವೀಡನ್ನಿನ ಸೈನ್ಯದಲ್ಲಿ ದುಡಿದು, ಐವತ್ತರ ವಯಸ್ಸಿನಲ್ಲಿ ತಾಯ್ನಾಡಿಗೆ ಮರಳಿ, ಯಾವ ರಾಜವಂಶದ ಮೇಲೆ ಕತ್ತಿ ಎತ್ತಿದ್ದನೋ ಅದೇ ವಂಶದ ದೊರೆಗೆ ಒಂದು ರೆಜಿಮೆಂಟು ಕಟ್ಟಿಕೊಟ್ಟ. ಆ ರೆಜಿಮೆಂಟಿಗೆ ಎದುರಾದ ಮೊದಲ ದೊಡ್ಡ ಶತ್ರು ಮೈಸೂರಿನ ಹೈದರ್ ಅಲಿ. 1784ರಲ್ಲಿ ಮನೆತನದ ಜಮೀನು ಈತನ ಕೈಗೆ ಮರಳಿತು. ಅರ್ಲ್ ಪದವಿ ಮಾತ್ರ ಈತ ಬದುಕಿರುವವರೆಗೂ ಬರಲಿಲ್ಲ.

ಕರ್ನಾಟಕದ ಚರಿತ್ರೆಯನ್ನು ಓದುವವರಿಗೆ ಮೆಕೆಂಜಿ, ಮ್ಯಾಕ್ಲೌಡ್ ಎಂಬ ಎರಡು ಹೆಸರುಗಳೂ ಬೇರೆ ವ್ಯಕ್ತಿಗಳ ಮೂಲಕ ಪರಿಚಿತವಾಗಿರುವುದರಿಂದ ಗೊಂದಲವಾಗುವುದುಂಟು. ಕೈಫಿಯತ್ತುಗಳನ್ನು ಸಂಗ್ರಹಿಸಿ ಮೈಸೂರಿನ ಸರ್ವೆ ನಡೆಸಿದ ಕರ್ನಲ್ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದ ಸ್ಟಾರ್ನೋವೇಯವನು. ಕುಲದ ಹೆಸರು ಒಂದೇ, ಮನೆ ಬೇರೆ. 1782-83ರಲ್ಲಿ ಮಲಬಾರ್ ಕರಾವಳಿಯಲ್ಲಿ ಟಿಪ್ಪುವಿನ ಸೈನ್ಯದೊಡನೆ ಕಾದಾಡಿದ ನಾರ್ಮನ್ ಮ್ಯಾಕ್ಲೌಡ್, ಮ್ಯಾಕ್ಲೌಡ್ ಕುಲದ ಮುಖ್ಯಸ್ಥ. ಈ ಲೇಖನದ ನಾಯಕ ಕುಲದಿಂದ ಮೆಕೆಂಜಿ; ಮ್ಯಾಕ್ಲೌಡ್ ಎಂಬುದು ಅರ್ಲ್‌ನ ಹಿರಿಯ ಮಗನೆಂಬ ಕಾರಣಕ್ಕೆ ಸಂದ ಗೌರವದ ಹೆಸರು. ಅದು ಮನೆಗೆ ಹೇಗೆ ಬಂತೆಂಬುದರಲ್ಲಿಯೇ ಆಸ್ತಿಯ ಕಥೆಯೂ ಶುರುವಾಗುತ್ತದೆ.

ಮನೆತನ

ಸ್ಕಾಟ್ಲೆಂಡಿನ ಉತ್ತರದ ಬೆಟ್ಟನಾಡಿನಲ್ಲಿ ಮೆಕೆಂಜಿಗಳದು ಬಲಿಷ್ಠ ಕುಲ. 17ನೆಯ ಶತಮಾನದ ಆರಂಭದಲ್ಲಿ ಕುಲದ ಮುಖ್ಯಸ್ಥನಾಗಿದ್ದ ಕಿನ್‌ಟೇಲ್‌ನ ಕೆನೆತ್ ಮೆಕೆಂಜಿಗೆ ರೋಡರಿಕ್ ಎಂಬ ತಮ್ಮನಿದ್ದ. ಅಣ್ಣ ತೀರಿಕೊಂಡಾಗ ಅವನ ಎಳೆಯ ಮಗನಿಗೆ ಪೋಷಕನಾಗಿ ನಿಂತು, ಕುಲದ ವ್ಯವಹಾರವನ್ನೆಲ್ಲ ಬಿಗಿಹಿಡಿತದಲ್ಲಿ ನಡೆಸಿದವನು ಇವನು. ಲೂಯಿಸ್‌ನ ಮ್ಯಾಕ್ಲೌಡ್ ಮನೆತನದ ವಾರಸುದಾರಳಾದ ಮಾರ್ಗರೆಟ್ ಮ್ಯಾಕ್ಲೌಡ್‌ಳನ್ನು 1605ರಲ್ಲಿ ಮದುವೆಯಾದ. ಅವಳ ಜೊತೆ ಪಶ್ಚಿಮ ಕರಾವಳಿಯ ಕೋಯಿಗಾಕ್ ಎಂಬ ಕಲ್ಲುನೆಲದ ವಿಶಾಲ ಸೀಮೆಯೂ ಮ್ಯಾಕ್ಲೌಡ್ ಎಂಬ ಹೆಸರಿನ ಮೇಲಿನ ಹಕ್ಕೂ ಮೆಕೆಂಜಿಗಳ ಮನೆ ಸೇರಿದವು. ಸ್ಟ್ರಾತ್‌ಪೆಫರ್ ಕಣಿವೆಯಲ್ಲಿ ಇಂದಿಗೂ ನಿಂತಿರುವ ಕೆಂಪುಕಲ್ಲಿನ ಗೋಪುರದ ಮನೆ ಕಾಸಲ್ ಲೌಡ್ ರೋಡರಿಕ್ ಕಟ್ಟಿಸಿದ್ದು.

ಇವನ ಮೊಮ್ಮಗ ಜಾರ್ಜ್ ಮೆಕೆಂಜಿ (1630-1714) ಮನೆತನವನ್ನು ಸಿರಿಯ ತುದಿಗೆ ಏರಿಸಿದವನು. ನ್ಯಾಯಾಧೀಶ, ಮಂತ್ರಿ. ದೊರೆಗಳು ಬದಲಾದಂತೆ ನಿಲುವನ್ನೂ ಬದಲಿಸುತ್ತ ಎಂಬತ್ತನಾಲ್ಕು ವರ್ಷ ಬಾಳಿದ ಚತುರ. 1685ರಲ್ಲಿ ವೈಕೌಂಟ್ ಟಾರ್ಬಟ್, 1703ರಲ್ಲಿ ಕ್ರೋಮಾರ್ಟಿಯ ಮೊದಲ ಅರ್ಲ್. ರಾಣಿ ಆ್ಯನ್‌ಳ ಕಾಲದಲ್ಲಿ ಸ್ಕಾಟ್ಲೆಂಡಿನ ರಾಜ್ಯ ಕಾರ್ಯದರ್ಶಿಯಾಗಿ, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಒಂದಾಗಬೇಕೆಂದು ವಾದಿಸಿದವರಲ್ಲಿ ಮುಂಚೂಣಿಯಲ್ಲಿದ್ದ. ಇವನ ಒಂದು ಕೆಲಸವಂತೂ ವಿಚಿತ್ರ. ರಾಸ್ ಪ್ರಾಂತದ ಉದ್ದಗಲಕ್ಕೂ ಇಲ್ಲೊಂದು ಅಲ್ಲೊಂದು ತುಂಡಾಗಿ ಹರಡಿದ್ದ ತನ್ನ ಜಮೀನುಗಳನ್ನೆಲ್ಲ ಪಾರ್ಲಿಮೆಂಟಿನ ಶಾಸನದ ಮೂಲಕ ಸೇರಿಸಿ ಕ್ರೋಮಾರ್ಟಿಶೈರ್ ಎಂಬ ಪ್ರತ್ಯೇಕ ಜಿಲ್ಲೆಯನ್ನೇ ಮಾಡಿಸಿಕೊಂಡ. ಪೂರ್ವದ ಕಡಲಿಂದ ಪಶ್ಚಿಮದ ಕಡಲವರೆಗೆ ಒಂದಕ್ಕೊಂದು ತಾಗದೆ ಬಿದ್ದಿದ್ದ ಈ ತುಂಡುಗಳ ಜಿಲ್ಲೆ ನಕಾಶೆಯಲ್ಲಿ ಕೌದಿಗೆ ಹಾಕಿದ ತೇಪೆಯಂತೆ ಕಾಣುತ್ತಿತ್ತು. 1889ರ ಕಾಯಿದೆ ಅದನ್ನು ರಾಸ್ ಜಿಲ್ಲೆಯೊಡನೆ ಬೆಸೆಯುವವರೆಗೆ, ಅಂದರೆ ಸುಮಾರು ಎರಡು ಶತಮಾನ, ಒಬ್ಬ ಜಮೀನುದಾರನ ಖಾತೆಯೇ ಜಿಲ್ಲೆಯ ಗಡಿಯಾಗಿ ಉಳಿಯಿತು.

ಎರಡನೆಯ ಅರ್ಲ್ ಜಾನ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕೊಲೆಯ ಆರೋಪವೊಂದರಿಂದ ಖುಲಾಸೆಯಾದದ್ದು, ತಂದೆ ಗಳಿಸಿದ್ದರ ಮೇಲೆ ಸಾಲ ಹೊರಿಸಿದ್ದು, ಇವೇ ಅವನ ಮುಖ್ಯ ಸಾಧನೆಗಳು. 1731ರಲ್ಲಿ ಅವನು ತೀರಿಕೊಂಡಾಗ ಮಗ ಜಾರ್ಜ್ ಮೂರನೆಯ ಅರ್ಲ್ ಆದ. ಇವನ ಹೆಂಡತಿ ಇನ್ವರ್‌ಗಾರ್ಡನ್‌ನ ಸರ್ ವಿಲಿಯಂ ಗಾರ್ಡನ್‌ನ ಮಗಳು ಇಸಬೆಲ್ಲಾ. ಅವಳ ಚೆಲುವಿಗೆ ಆ ಸೀಮೆಯಲ್ಲೆಲ್ಲ ಹೆಸರಿತ್ತು. ಅವಳ ಗಟ್ಟಿತನ ಏನೆಂಬುದು 1746ರಲ್ಲಿ ತಿಳಿಯಿತು.

ಬಂಡಾಯ ಮತ್ತು ಶಿಕ್ಷೆ

1688ರಲ್ಲಿ ಸಿಂಹಾಸನ ಕಳೆದುಕೊಂಡ ಸ್ಟುವರ್ಟ್ ವಂಶಕ್ಕೆ ನಿಷ್ಠರಾದವರಿಗೆ ಜ್ಯಾಕೊಬೈಟರೆಂದು ಹೆಸರು. 1745ರ ಬೇಸಿಗೆಯಲ್ಲಿ ಆ ವಂಶದ ಯುವರಾಜ ಚಾರ್ಲ್ಸ್ ಎಡ್ವರ್ಡ್ ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ ಬಂದಿಳಿದ. ಸರ್ಕಾರದ ಪರ ನಿಂತ ನ್ಯಾಯಾಧೀಶ ಡಂಕನ್ ಫೋರ್ಬ್ಸ್ ಬೆಟ್ಟನಾಡಿನ ಮುಖ್ಯಸ್ಥರನ್ನು ಒಬ್ಬೊಬ್ಬರಾಗಿ ಒಲಿಸಿಕೊಳ್ಳಲು ಹೆಣಗಿದ. ಯುವಕ ಲಾರ್ಡ್ ಮ್ಯಾಕ್ಲೌಡ್‌ಗೆ ಸರ್ಕಾರಿ ತುಕಡಿಯೊಂದರ ಕ್ಯಾಪ್ಟನ್ ಹುದ್ದೆಯನ್ನೂ ಕೊಡಹೋದ. ಹುಡುಗ ಒಲ್ಲೆನೆಂದ. ಕೆಲವು ತಿಂಗಳು ಹಿಂದೆಮುಂದೆ ನೋಡಿದ ತಂದೆ ಕೊನೆಗೆ ತನ್ನ ಒಕ್ಕಲುಗಳಿಂದ ಸುಮಾರು 400 ಮಂದಿಯನ್ನು ಎಬ್ಬಿಸಿಕೊಂಡು, ಮಗನ ಸಮೇತ ಯುವರಾಜನನ್ನು ಸೇರಿದ. ಸಾಲದಲ್ಲಿ ಮುಳುಗಿದ್ದವನಿಗೆ ನಿಷ್ಠೆಯ ಜೊತೆ ಬೇರೆ ಲೆಕ್ಕಾಚಾರವೂ ಇದ್ದಿರಬಹುದು. ಒಕ್ಕಲುಗಳಿಗಂತೂ ಹೆಚ್ಚು ಆಯ್ಕೆ ಇರಲಿಲ್ಲ. ಭೂಮಿ ಕೊಟ್ಟ ಒಡೆಯ ಕರೆದಾಗ ಆಯುಧ ಹಿಡಿದು ಹೋಗುವುದು ಅಲ್ಲಿ ಗೇಣಿ ಕೊಟ್ಟಷ್ಟೇ ಹಳೆಯ ವಾಡಿಕೆ.

1746ರ ಜನವರಿ 17ರಂದು ಫಾಲ್‌ಕರ್ಕ್ ಬಳಿ ನಡೆದ ಕಾಳಗದಲ್ಲಿ ಅಪ್ಪ ಮಗ ಇಬ್ಬರೂ ಇದ್ದರು, ಗೆಲುವು ಜ್ಯಾಕೊಬೈಟರದು. ಅದಾದ ಮೇಲೆ ಅರ್ಲ್‌ನನ್ನು ದೂರದ ಉತ್ತರಕ್ಕೆ ಕಳಿಸಲಾಯಿತು: ಹಣ ವಸೂಲಿ, ಜನ ಸಂಗ್ರಹ. ಏಪ್ರಿಲ್ 15ರಂದು ಯುವರಾಜನ ಕರೆಯ ಮೇರೆಗೆ ಪಡೆ ದಕ್ಷಿಣಕ್ಕೆ ಹೊರಟಿತು. ಸಿಪಾಯಿಗಳು ಮುಂದೆ ನಡೆದರು; ಅರ್ಲ್ ಮತ್ತು ಅಧಿಕಾರಿಗಳು ಸದರ್ಲೆಂಡ್ ಅರ್ಲ್‌ನ ಮನೆಯಾದ ಡನ್‌ರಾಬಿನ್ ಕೋಟೆಯಲ್ಲಿ ಹಿಂದುಳಿದರು. ಅಷ್ಟರಲ್ಲಿ ಸದರ್ಲೆಂಡಿನ ಜನ ನಡುವೆ ನುಗ್ಗಿ ಪಡೆಯನ್ನು ಚೆದುರಿಸಿ, ಕೋಟೆಯನ್ನು ಮುತ್ತಿ ಅಪ್ಪ ಮಗನನ್ನು ಹಿಡಿದರು. ಮರುದಿನವೇ ಕಲೋಡನ್ ಬಯಲಿನಲ್ಲಿ ಜ್ಯಾಕೊಬೈಟರ ಸೈನ್ಯ ಒಂದು ತಾಸಿನೊಳಗೆ ನುಚ್ಚುನೂರಾಯಿತು. ಡನ್‌ರಾಬಿನ್‌ನಲ್ಲಿ ಸಿಕ್ಕಿಬಿದ್ದದ್ದು ಒಂದು ಲೆಕ್ಕದಲ್ಲಿ ಮ್ಯಾಕ್ಲೌಡ್‌ನ ಜೀವ ಉಳಿಸಿತೆನ್ನಬಹುದು. ಕಲೋಡನ್‌ನಲ್ಲಿ ಗಾಯಗೊಂಡು ಬಿದ್ದವರಿಗೂ ಅಂದು ಕರುಣೆ ಸಿಗಲಿಲ್ಲ.

ಲಂಡನ್ ಟವರ್‌ಗೆ ಒಯ್ದ ಅರ್ಲ್‌ನನ್ನು ಕಿಲ್ಮಾರ್ನಾಕ್ ಅರ್ಲ್ ಹಾಗೂ ಲಾರ್ಡ್ ಬಾಲ್ಮೆರಿನೋ ಜೊತೆಗೆ ಜುಲೈ 28ರಂದು ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ವಿಚಾರಣೆಗೆ ನಿಲ್ಲಿಸಿದರು. ಲೇಖಕ ಹೊರೇಸ್ ವಾಲ್‌ಪೋಲ್ ತನ್ನ ಪತ್ರಗಳಲ್ಲಿ ಈ ನೋಟವನ್ನು ವಿವರವಾಗಿ ಬಣ್ಣಿಸಿದ್ದಾನೆ. ಕ್ರೋಮಾರ್ಟಿ ತಪ್ಪೊಪ್ಪಿಕೊಂಡ. ಮೂವರಿಗೂ ಮರಣದಂಡನೆಯಾಯಿತು. ತುಂಬು ಗರ್ಭಿಣಿಯಾಗಿದ್ದ ಇಸಬೆಲ್ಲಾ ಮಂತ್ರಿಗಳ ಮನೆಮನೆ ಅಲೆದಳು. ಕೆನ್ಸಿಂಗ್ಟನ್ ಅರಮನೆಯಲ್ಲಿ ದೊರೆ ಎರಡನೆಯ ಜಾರ್ಜ್ ಪ್ರಾರ್ಥನೆಗೆ ಹೋಗುವಾಗ ದಾರಿಯಲ್ಲಿ ಅವನ ಕಾಲು ಹಿಡಿದು ಅಲ್ಲಿಯೇ ಮೂರ್ಛೆಹೋದಳು. ಆಗಸ್ಟ್ 18ರಂದು ಉಳಿದಿಬ್ಬರ ತಲೆ ಟವರ್ ಹಿಲ್‌ನಲ್ಲಿ ಉರುಳಿತು, ಕ್ರೋಮಾರ್ಟಿಯದು ಉಳಿಯಿತು. ಆಮೇಲೆ ಹುಟ್ಟಿದ ಮಗಳು ಆಗಸ್ಟಾಳ ಕತ್ತಿನ ಮೇಲೆ ಕೊಡಲಿಯ ಗುರುತಿತ್ತೆಂದು ಜನ ಹೇಳಿಕೊಂಡರು. ಬಸಿರಿಯ ಭಯ ಕೂಸಿನ ಮೈಮೇಲೆ ಮೂಡುತ್ತದೆಂಬ ನಂಬಿಕೆ ಆ ಕಾಲದ ಲಂಡನ್ನಿನಲ್ಲಿಯೂ ಗಟ್ಟಿಯಾಗಿತ್ತು. 1749ರಲ್ಲಿ ಅರ್ಲ್‌ಗೆ ಕ್ಷಮೆ ದೊರೆಯಿತು, ಆದರೆ ಊರಿಗೆ ಹೋಗುವಂತಿರಲಿಲ್ಲ. ಪದವಿಯೂ ಜಮೀನೂ ಇಲ್ಲದೆ ಬದುಕಿದ್ದು 1766ರಲ್ಲಿ ಲಂಡನ್ನಿನ ಪೋಲೆಂಡ್ ಬೀದಿಯಲ್ಲಿ ತೀರಿಕೊಂಡ.

ಮಗನ ಪ್ರಕರಣ ಕಾನೂನಿನ ದೃಷ್ಟಿಯಿಂದ ಹೆಚ್ಚು ಕುತೂಹಲದ್ದು. 1746ರ ಡಿಸೆಂಬರಿನಲ್ಲಿ ಈತ ತಪ್ಪೊಪ್ಪಿಕೊಂಡ. 1748ರ ಜನವರಿಯಲ್ಲಿ ಕ್ಷಮಾಪತ್ರ ಸಿಕ್ಕಿತು. ಅದಕ್ಕೊಂದು ಷರತ್ತು: ಇಪ್ಪತ್ತೊಂದು ತುಂಬಿದ ಆರು ತಿಂಗಳೊಳಗೆ ಕ್ರೋಮಾರ್ಟಿ ಎಸ್ಟೇಟಿನ ಮೇಲೆ ತನಗಿರುವ, ಮುಂದೆ ಬರಬಹುದಾದ ಎಲ್ಲ ಹಕ್ಕನ್ನೂ ದೊರೆಗೆ ಬರೆದುಕೊಡಬೇಕು. ತಂದೆ ರಾಜದ್ರೋಹಿಯಾದ ಮಾತ್ರಕ್ಕೆ ಮುಂದಿನ ವಾರಸುದಾರನ ಹಕ್ಕು ತಾನಾಗಿ ಅಳಿಯದೆ ಹೋದರೆ ಎಂಬ ಅಳುಕು ಸರ್ಕಾರಿ ವಕೀಲರಿಗೆ ಇತ್ತೆಂದು ಈ ಷರತ್ತೇ ತೋರಿಸುತ್ತದೆ. ಅಪ್ರಾಪ್ತ ವಯಸ್ಸಿನವನ ಸಹಿ ನಿಲ್ಲದು. ಆದ್ದರಿಂದ ವಯಸ್ಸಿಗೆ ಬರುವವರೆಗೆ ಕಾದು ಸಹಿ ಪಡೆದರು. ಸಾಮಾನ್ಯವಾಗಿ ಮಗನಿಗೆ ಆಸ್ತಿ ಕೈಗೆ ಬರುವ ವಯಸ್ಸದು.

ಹೊರನಾಡಿನ ಬದುಕು

1749ರಲ್ಲಿ ಮ್ಯಾಕ್ಲೌಡ್ ಬರ್ಲಿನ್‌ಗೆ ಹೋದ. ಹಿಂದಿನ ಬಂಡಾಯವೊಂದರಲ್ಲಿ ದೇಶ ಬಿಟ್ಟು, ರಷ್ಯಾದಲ್ಲಿ ದುಡಿದು, ಆಗ ಪ್ರಷ್ಯಾದ ಫ್ರೆಡರಿಕ್ ದೊರೆಯ ಫೀಲ್ಡ್ ಮಾರ್ಷಲ್ ಆಗಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಕೀತ್ ಅಲ್ಲಿದ್ದ. ಅವನ ಶಿಫಾರಸಿನಿಂದ ಸ್ವೀಡನ್ನಿನ ಸೈನ್ಯದಲ್ಲಿ ಕ್ಯಾಪ್ಟನ್ ಕೆಲಸ ಸಿಕ್ಕಿತು. ತಾಯ್ನಾಡು ಕಿತ್ತುಕೊಂಡ ಗೌರವವನ್ನು ಸ್ವೀಡನ್ ಕೊಟ್ಟಿತು: ಅಲ್ಲಿ ಈತ ಕೌಂಟ್ ಕ್ರೋಮಾರ್ಟಿ, ಖಡ್ಗದ ಪದಕ ಪಡೆದ ಅಧಿಕಾರಿ. 1757ರಲ್ಲಿ ರಜೆ ಪಡೆದು ಕೀತ್‌ನ ಜೊತೆ ಪ್ರಷ್ಯಾದ ಸೈನ್ಯದಲ್ಲಿ ಸ್ವಯಂಸೇವಕನಾಗಿ ಬೊಹೀಮಿಯಾದ ದಂಡಯಾತ್ರೆಗೂ ಹೋಗಿಬಂದ. ಈ ಯುದ್ಧದ ಬಗ್ಗೆಯೂ 1745ರ ಬಂಡಾಯದ ಬಗ್ಗೆಯೂ ಈತ ಬರೆದಿಟ್ಟ ಕಥನಗಳು ವಿಲಿಯಂ ಫ್ರೇಸರ್ 1876ರಲ್ಲಿ ಹೊರತಂದ ಕ್ರೋಮಾರ್ಟಿ ಅರ್ಲ್‌ಗಳ ಚರಿತ್ರೆಯಲ್ಲಿ ಅಚ್ಚಾಗಿವೆ. ಬಂಡಾಯದ ಕಥನದಲ್ಲಿ ಪಶ್ಚಾತ್ತಾಪಕ್ಕಿಂತ ಯಾವ ದಿನ ಯಾವ ಊರಲ್ಲಿ ಬೀಡುಬಿಟ್ಟೆವೆಂಬ ವಿವರವೇ ಹೆಚ್ಚು, ಸಿಪಾಯಿಯ ಬರಹ.

ಅತ್ತ ಊರಿನಲ್ಲಿ, 1752ರ ಶಾಸನದಂತೆ ಮುಟ್ಟುಗೋಲಾದ ಎಸ್ಟೇಟುಗಳಲ್ಲಿ ಹದಿಮೂರನ್ನು ಶಾಶ್ವತವಾಗಿ ರಾಜಸತ್ತೆಗೆ ಸೇರಿಸಿದರು. ಕ್ರೋಮಾರ್ಟಿಯೂ ಅದರಲ್ಲೊಂದು. ಇವುಗಳ ಆಡಳಿತಕ್ಕೆ 1755ರಲ್ಲಿ ಕಮಿಷನರುಗಳ ಮಂಡಳಿ ನೇಮಕವಾಯಿತು. ಗೇಣಿಯ ಹಣವನ್ನು ಶಾಲೆ, ರಸ್ತೆ, ಅಗಸೆ ನೂಲಿನ ಕೆಲಸ, ಹೊಸ ಬೇಸಾಯಗಳಿಗೆ ಬಳಸಿ ಬೆಟ್ಟನಾಡಿನವರನ್ನು ತಿದ್ದುವುದು ಮಂಡಳಿಯ ಗುರಿ. ಕೆಲವು ಕೆಲಸಗಳು ನಡೆದವು, ಹಲವು ಕಡತದಲ್ಲೇ ಉಳಿದವು. ಒಡೆಯರಿಲ್ಲದೆ ಮನೆತನದ ವಾಸದ ಮನೆ ನ್ಯೂ ಟಾರ್ಬಟ್ ಹಾಳುಬಿದ್ದಿತು.

ರೆಜಿಮೆಂಟು ಮತ್ತು ಮೈಸೂರು

ಕಳೆದ ಆಸ್ತಿಯನ್ನು ಮರಳಿ ಪಡೆಯುವ ದಾರಿಯನ್ನು ಮೊದಲು ಕಂಡುಕೊಂಡವನು ಸೈಮನ್ ಫ್ರೇಸರ್. ಇವನ ತಂದೆ ಲಾರ್ಡ್ ಲೋವಟ್‌ನ ತಲೆ 1747ರಲ್ಲಿ ಉರುಳಿತ್ತು. ಮಗ 1757ರಲ್ಲಿ ದೊರೆಗಾಗಿ ರೆಜಿಮೆಂಟು ಕಟ್ಟಿ ಕೆನಡಾಕ್ಕೆ ಕೊಂಡೊಯ್ದ. 1774ರಲ್ಲಿ ಪಾರ್ಲಿಮೆಂಟು ಅವನಿಗೆ ಎಸ್ಟೇಟನ್ನು ಹಿಂದಿರುಗಿಸಿತು. ನೆಲ ಕಳೆದುಕೊಂಡ ಮುಖ್ಯಸ್ಥನ ಮಾತಿಗೂ ಆ ನೆಲದ ಗಂಡಸರು ಸೈನ್ಯ ಸೇರುತ್ತಾರೆಂದು ಇದರಿಂದ ಸರ್ಕಾರಕ್ಕೆ ಮನವರಿಕೆಯಾಯಿತು. 1777ರಲ್ಲಿ, ಅಮೆರಿಕದ ಯುದ್ಧಕ್ಕೆ ಜನ ಸಾಲದೆ ಬ್ರಿಟನ್ ಪರದಾಡುತ್ತಿದ್ದಾಗ, ಮ್ಯಾಕ್ಲೌಡ್ ಲಂಡನ್ನಿಗೆ ಬಂದು ಮೂರನೆಯ ಜಾರ್ಜ್ ದೊರೆಯನ್ನು ಕಂಡ. ಆ ವರ್ಷದ ಕೊನೆಗೆ ರೆಜಿಮೆಂಟು ಕಟ್ಟಲು ಅಪ್ಪಣೆಯಾಯಿತು.

ಅಂಗೈಯಷ್ಟು ನೆಲವೂ ಇಲ್ಲದೆ, ಸುಮಾರು ಮೂವತ್ತು ವರ್ಷ ಊರಿನ ಮುಖ ಕಾಣದೆ ಇದ್ದವನ ಕರೆಗೆ ಬೆಟ್ಟನಾಡಿನ 840 ಜನ ಬಂದರು. ತಗ್ಗುನಾಡಿನವರೂ ಇತರರೂ ಸೇರಿ ಸಂಖ್ಯೆ ಸುಮಾರು 1,100 ಆಯಿತು. 1778ರ ಏಪ್ರಿಲ್‌ನಲ್ಲಿ ಎಲ್ಗಿನ್ ಪಟ್ಟಣದಲ್ಲಿ ತಪಾಸಣೆಯಾಗಿ 73ನೆಯ ಕಾಲಾಳು ರೆಜಿಮೆಂಟೆಂದು ದಾಖಲಾಯಿತು. ಬಾಯಿಮಾತಿನಲ್ಲಿ ಮ್ಯಾಕ್ಲೌಡ್ಸ್ ಹೈಲ್ಯಾಂಡರ್ಸ್. ಎರಡನೆಯ ಬೆಟಾಲಿಯನ್ ತಮ್ಮ ಜಾರ್ಜ್ ಮೆಕೆಂಜಿಯ ಕೈಕೆಳಗೆ ಜಿಬ್ರಾಲ್ಟರ್‌ನ ರಕ್ಷಣೆಗೆ ಹೋಯಿತು. ಮೊದಲನೆಯದನ್ನು ಮ್ಯಾಕ್ಲೌಡ್ ತಾನೇ ಕರೆದುಕೊಂಡು 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದ.

ಜುಲೈನಲ್ಲಿ ಹೈದರ್ ಅಲಿ ಘಟ್ಟ ಇಳಿದು ಕರ್ನಾಟಿಕ್ ಮೇಲೆ ಬಿದ್ದ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಹಲವು ಕಡೆ ಹಂಚಿಹೋಗಿತ್ತು. ಸೇನಾಪತಿ ಹೆಕ್ಟರ್ ಮನ್ರೋ ಮದರಾಸಿನ ಕೌನ್ಸಿಲ್‌ನಲ್ಲೇ ಉಳಿದು, ರಣರಂಗದ ನಾಯಕತ್ವವನ್ನು ಮ್ಯಾಕ್ಲೌಡ್‌ಗೆ ವಹಿಸುವುದೆಂದಿತ್ತು. ಎಲ್ಲ ತುಕಡಿಗಳೂ ಕಾಂಚೀಪುರದಲ್ಲಿ ಕೂಡಬೇಕೆಂಬ ಯೋಜನೆಯನ್ನು ಮ್ಯಾಕ್ಲೌಡ್ ಒಪ್ಪಲಿಲ್ಲ. ಶತ್ರುವಿನ ಕುದುರೆದಳ ಸುತ್ತಾಡುವ ಸೀಮೆಯ ನಡುವೆ ಸೇರುವುದು ಅಪಾಯ, ಮದರಾಸಿನ ಹತ್ತಿರವೇ ಕೂಡೋಣವೆಂದ. ತನಗೆ ಒಪ್ಪಿಗೆಯಿಲ್ಲದ ಯೋಜನೆಯ ಹೊಣೆ ಹೊರಲು ಹಿಂಜರಿದ. ಮನ್ರೋ ನಾಯಕತ್ವವನ್ನು ತಾನೇ ತೆಗೆದುಕೊಂಡು ಕಾಂಚೀಪುರಕ್ಕೆ ನಡೆದ. ಗುಂಟೂರಿನ ಕಡೆಯಿಂದ ಬರುತ್ತಿದ್ದ ಕರ್ನಲ್ ವಿಲಿಯಂ ಬೈಲಿಯ ತುಕಡಿ ದಾರಿಯಲ್ಲೇ ಸಿಕ್ಕಿಹಾಕಿಕೊಂಡಿತು. ಅದರ ನೆರವಿಗೆ ಕರ್ನಲ್ ಫ್ಲೆಚರ್ ಜೊತೆ ಹೋದ ಸುಮಾರು ಸಾವಿರ ಜನರಲ್ಲಿ 73ನೆಯ ರೆಜಿಮೆಂಟಿನ ಆಯ್ದ ಎರಡು ಕಂಪನಿಗಳೂ ಇದ್ದವು. ಅವುಗಳ ಮುಂದಾಳು ಕ್ಯಾಪ್ಟನ್ ಡೇವಿಡ್ ಬೇರ್ಡ್. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನ ಬಳಿ ಹೈದರ್ ಮತ್ತು ಟಿಪ್ಪು ಈ ಇಡೀ ಪಡೆಯನ್ನು ಮುಗಿಸಿದರು. ಕೆಲವೇ ಮೈಲಿ ದೂರದಲ್ಲಿದ್ದ ಮನ್ರೋ ಭಾರಿ ಫಿರಂಗಿಗಳನ್ನು ಕಾಂಚೀಪುರದ ಕೆರೆಗೆ ಎಸೆದು ಮದರಾಸಿನ ಕಡೆ ಕಾಲುಕಿತ್ತ. ಮ್ಯಾಕ್ಲೌಡ್ ಹೇಳಿದ್ದೇ ಸರಿಯಾಯಿತೆಂದು ಆಮೇಲಿನ ಚರಿತ್ರಕಾರರು ಬರೆದರು. ಎಚ್ಚರಿಸಿ ಹಿಂದೆ ಸರಿದವನ ಮೇಲೆ ಹೊಣೆ ಬೀಳದು ನಿಜ. ಸತ್ತವರಲ್ಲಿ ಈತನನ್ನು ನಂಬಿ ಬಂದವರೇ ಇದ್ದರೆಂಬುದೂ ಅಷ್ಟೇ ನಿಜ.

ಗಾಯಗೊಂಡು ಸೆರೆಸಿಕ್ಕ ಬೇರ್ಡ್ 1784ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ. 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆಯಿಟ್ಟ ಪಡೆಯ ಮುಂದಾಳೂ ಅವನೇ. ಬೈಲಿ 1782ರಲ್ಲಿ ಸೆರೆಯಲ್ಲೇ ತೀರಿಕೊಂಡ. ಶ್ರೀರಂಗಪಟ್ಟಣದ ಗಂಜಾಂನ ಲಾಲ್‌ಬಾಗಿನ ಬಳಿ ಅವನ ಸ್ಮಾರಕವಿದೆ. ಅಲ್ಲಿನ ದರಿಯಾ ದೌಲತ್ ಅರಮನೆಯ ಪಶ್ಚಿಮ ಗೋಡೆಯ ಪೊಳ್ಳಿಲೂರು ಕಾಳಗದ ಚಿತ್ರದಲ್ಲಿ ಪಲ್ಲಕ್ಕಿಯಲ್ಲಿ ಕುಳಿತ ಬೈಲಿಯ ಸುತ್ತ ಕೆಂಪಂಗಿಯ ಸಿಪಾಯಿಗಳು ಚೌಕ ಕಟ್ಟಿ ನಿಂತಿರುವುದನ್ನು ಕಾಣಬಹುದು.

ಮ್ಯಾಕ್ಲೌಡ್ ಈ ಸೋಲಿನ ನಂತರ ಊರಿಗೆ ಮರಳಿದ. 1781ರ ಜುಲೈ 1ರ ಪೋರ್ಟೊನೋವೋ ಕಾಳಗದಲ್ಲಿ ರೆಜಿಮೆಂಟನ್ನು ನಡೆಸಿದವನು ಕರ್ನಲ್ ಕ್ರಾಫರ್ಡ್. ಗುಂಡಿನ ಮಳೆಯ ನಡುವೆಯೂ ಚೀಲದ ಕೊಳಲು ಊದುತ್ತಿದ್ದ ವಾದ್ಯಗಾರನನ್ನು ಕಂಡು ಮೆಚ್ಚಿದ ಸೇನಾಪತಿ ಐರ್ ಕೂಟ್ ರೆಜಿಮೆಂಟಿಗೆ ಬೆಳ್ಳಿಯ ಕೊಳಲು ಕೊಡಿಸಲು ಹಣ ಕೊಟ್ಟನೆಂಬ ಕಥೆ ಆ ದಿನದ್ದು. 1786ರಲ್ಲಿ 71ನೆಯದೆಂದು ಸಂಖ್ಯೆ ಬದಲಾದ ಈ ರೆಜಿಮೆಂಟು 1791-92ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯದಲ್ಲಿ ಮೈಸೂರಿಗೂ ಬಂತು. ನಂದಿದುರ್ಗಕ್ಕೆ ಲಗ್ಗೆಯಿಟ್ಟವರಲ್ಲಿ ಇದರ ಜನ ಇದ್ದರು. ಮುಂದೆ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಎಂಬ ಹೆಸರು ಪಡೆದದ್ದು ಇದೇ.

ಆಸ್ತಿ ಮರಳಿದ ಬಗೆ

ರಾಜದ್ರೋಹಕ್ಕೆ ತಪ್ಪೊಪ್ಪಿಕೊಂಡಿದ್ದವನು 1780ರಿಂದ 1784ರವರೆಗೆ ರಾಸ್ ಪ್ರಾಂತದ ಪಾರ್ಲಿಮೆಂಟ್ ಸದಸ್ಯ! ಗೆದ್ದಾಗ ಈತ ಊರಿನಲ್ಲೂ ಇರಲಿಲ್ಲ. ಮೇಜರ್ ಜನರಲ್ ಪದವಿಯೂ ಬಂತು. 1784ರಲ್ಲಿ ರಾಜಕಾರಣಿ ಹೆನ್ರಿ ಡಂಡಾಸ್ ಮುಂದೆ ನಿಂತು ಮಾಡಿಸಿದ ಶಾಸನ ಮುಟ್ಟುಗೋಲಾದ ಎಸ್ಟೇಟುಗಳನ್ನು ಹಳೆಯ ಮನೆತನಗಳಿಗೆ ಬಿಟ್ಟುಕೊಟ್ಟಿತು. ಪುಕ್ಕಟೆಯಾಗಿ ಅಲ್ಲ: ಜಮೀನಿನ ಮೇಲಿದ್ದ ಹಳೆಯ ಸಾಲವನ್ನು ಸರ್ಕಾರ ತೀರಿಸಿತ್ತಾದ್ದರಿಂದ ಆ ಬಾಬ್ತು ಮ್ಯಾಕ್ಲೌಡ್ ಸುಮಾರು 19,000 ಪೌಂಡು ಕಟ್ಟಬೇಕಾಯಿತು. ಅಜ್ಜ ಮತ್ತು ತಂದೆ ಮಾಡಿದ ಸಾಲ ಮೂವತ್ತೆಂಟು ವರ್ಷ ಸರ್ಕಾರದ ದಫ್ತರದಲ್ಲಿ ಮಲಗಿದ್ದು ಮೊಮ್ಮಗನ ಹೆಗಲೇರಿತು.

ಕೈಗೆ ಬಂದ ಎಸ್ಟೇಟಿನಲ್ಲಿ ಈತ ಮಾಡಿದ ಮೊದಲ ದೊಡ್ಡ ಕೆಲಸ ಹಾಳುಬಿದ್ದ ನ್ಯೂ ಟಾರ್ಬಟ್‌ನ ಜಾಗದಲ್ಲಿ ಹೊಸ ಮನೆ ಕಟ್ಟಿಸಿದ್ದು. ಕೋಯಿಗಾಕ್ ಕಡೆಯ ಲಾಕ್ ಬ್ರೂಮ್ ಹಿನ್ನೀರಿನ ದಂಡೆಯಲ್ಲಿ ಬ್ರಿಟಿಷ್ ಮೀನುಗಾರಿಕೆ ಸಂಘಕ್ಕೆ ನೆಲ ಮಾರಿದ. ಹೆರಿಂಗ್ ಮೀನು ಹಿಡಿಯುವುದಕ್ಕಾಗಿ 1788ರಲ್ಲಿ ಅಲ್ಲಿ ಎದ್ದ ಊರೇ ಉಲ್ಲಾಪೂಲ್. ಇಂದು ಆ ಕರಾವಳಿಯ ಮುಖ್ಯ ಬಂದರು. 1786ರಲ್ಲಿ, ಅರವತ್ತರ ಹತ್ತಿರ, ಲಾರ್ಡ್ ಫೋರ್ಬ್ಸ್‌ನ ಮಗಳು ಮಾರ್ಜರಿಯನ್ನು ಮದುವೆಯಾದ. ಮಕ್ಕಳಾಗಲಿಲ್ಲ. 1789ರ ಏಪ್ರಿಲ್ 2ರಂದು ಎಡಿನ್‌ಬರೋದಲ್ಲಿ ತೀರಿಕೊಂಡ. ಕ್ಯಾನನ್‌ಗೇಟ್ ಚರ್ಚಿನ ಅಂಗಳದಲ್ಲಿ ತಾಯಿಯ ಪಕ್ಕದಲ್ಲಿ ಸಮಾಧಿಯಿದೆ. ಜಿಬ್ರಾಲ್ಟರ್‌ನಿಂದ ಬದುಕಿ ಬಂದ ತಮ್ಮ ಜಾರ್ಜ್ ಎರಡು ವರ್ಷ ಮೊದಲೇ ಭಾರತದಲ್ಲಿ ಸತ್ತಿದ್ದ. ಆಸ್ತಿಯನ್ನು ಮ್ಯಾಕ್ಲೌಡ್ ಅನುಭವಿಸಿದ್ದು ಐದೇ ವರ್ಷ.

ನಂತರದ ವಾರಸಿಕೆ

ಎಸ್ಟೇಟು ಮೊದಲು ಚಿಕ್ಕಪ್ಪನ ಮಗ ಕೆನೆತ್ ಮೆಕೆಂಜಿಗೆ ಹೋಯಿತು. ಅವನೂ 1796ರಲ್ಲಿ ಸಂತಾನವಿಲ್ಲದೆ ತೀರಿಕೊಂಡ ಮೇಲೆ ಹೆಣ್ಣುಮಕ್ಕಳ ಸಾಲು ಶುರು. ಮ್ಯಾಕ್ಲೌಡ್‌ನ ಅಕ್ಕತಂಗಿಯರಲ್ಲಿ ಹಿರಿಯಳಾದ ಲೇಡಿ ಎಲಿಬ್ಯಾಂಕ್, ಅವಳ ಮಗಳು ಮರಿಯಾ, ಅವಳ ಮಗ ಜಾನ್ ಹೇ-ಮೆಕೆಂಜಿ, ಅವನ ಒಬ್ಬಳೇ ಮಗಳು ಆ್ಯನ್. ಮರಿಯಾಳನ್ನು ಕೈಹಿಡಿದ ಎಡ್ವರ್ಡ್ ಹೇ ತನ್ನ ಹೆಸರಿಗೆ ಮೆಕೆಂಜಿಯನ್ನು ಸೇರಿಸಿಕೊಂಡ. ಆಸ್ತಿ ಬೇಕಾದರೆ ಹೆಂಡತಿಯ ಮನೆಯ ಹೆಸರನ್ನೂ ಹೊರಬೇಕೆಂಬುದು ಸ್ಕಾಟ್ಲೆಂಡಿನ ದೊಡ್ಡ ಮನೆಗಳಲ್ಲಿ ಸಾಮಾನ್ಯ ಕರಾರು.

ಆ್ಯನ್ 1849ರಲ್ಲಿ ಮದುವೆಯಾದದ್ದು ಸದರ್ಲೆಂಡಿನ ಡ್ಯೂಕ್ ಪದವಿಯ ಉತ್ತರಾಧಿಕಾರಿಯನ್ನು. ಅವಳು ಸೊಸೆಯಾಗಿ ಹೊಕ್ಕ ಡನ್‌ರಾಬಿನ್ ಅವಳ ಪೂರ್ವಜರನ್ನು ಸೆರೆಹಿಡಿದ ಕೋಟೆಯೇ. ಸದರ್ಲೆಂಡ್ ಮನೆತನ ಆ ಹೊತ್ತಿಗೆ ಒಕ್ಕಲುಗಳನ್ನು ಎಬ್ಬಿಸಿ ಕುರಿ ಸಾಕಣೆಗೆ ನೆಲ ತೆರವು ಮಾಡಿದ್ದಕ್ಕೆ ಕುಖ್ಯಾತವಾಗಿತ್ತು. 1852-53ರಲ್ಲಿ ಕೋಯಿಗಾಕ್‌ನಲ್ಲಿಯೂ ಒಕ್ಕಲೆಬ್ಬಿಸುವ ಪ್ರಯತ್ನ ನಡೆದಾಗ ಹೆಂಗಸರು ಮುಂದೆ ನಿಂತು ಅಮೀನರಿಂದ ನೋಟೀಸು ಕಿತ್ತುಕೊಂಡು ಸುಟ್ಟರು. ಎಸ್ಟೇಟು ಹಿಂದೆ ಸರಿಯಿತು. ಒಮ್ಮೆ ತಂದೆಯ ಬಂಡಾಯಕ್ಕೂ ಆಮೇಲೆ ಮಗನ ರೆಜಿಮೆಂಟಿಗೂ ಗಂಡಸರನ್ನು ಕೊಟ್ಟ ಸೀಮೆಗಳಲ್ಲಿ ಕೋಯಿಗಾಕ್ ಒಂದು ಎಂಬುದನ್ನು ಇಲ್ಲಿ ನೆನೆಯಬೇಕು.

1861ರಲ್ಲಿ ವಿಕ್ಟೋರಿಯಾ ರಾಣಿ ಆ್ಯನ್‌ಳಿಗೆ ಅವಳ ಸ್ವಂತ ಹಕ್ಕಿನಲ್ಲಿಯೇ ಕ್ರೋಮಾರ್ಟಿಯ ಕೌಂಟೆಸ್ ಪದವಿ ಕೊಟ್ಟಳು. ಇದು ಹಳೆಯ ಪದವಿಯ ಪುನಃಸ್ಥಾಪನೆಯಲ್ಲ, ಅದೇ ಹೆಸರಿನ ಹೊಸ ಸೃಷ್ಟಿ. 1746ರ ಮುಟ್ಟುಗೋಲು ಕಾಗದದ ಮೇಲೆ ಹಾಗೆಯೇ ಉಳಿಯಿತು. ಈ ಪದವಿ ಡ್ಯೂಕ್ ಪದವಿಯಲ್ಲಿ ಕರಗಿಹೋಗಬಾರದೆಂದು ಕಿರಿಯ ಮಗ ಫ್ರಾನ್ಸಿಸ್‌ಗೆ ಸಲ್ಲಬೇಕೆಂದು ವಿಧಿಸಲಾಯಿತು. ಮುಂದೆ ಡ್ಯೂಕ್ ಆದ ಅಣ್ಣನ ಮೊದಲ ಹೆಸರೇ ಕ್ರೋಮಾರ್ಟಿ. ಹೆಸರು ಅವನಿಗೆ, ಪದವಿ ತಮ್ಮನಿಗೆ. 1893ರಲ್ಲಿ ಫ್ರಾನ್ಸಿಸ್ ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ತೀರಿಕೊಂಡಾಗ ಪದವಿ ಯಾರಿಗೂ ಸೇರದೆ ಎರಡು ವರ್ಷ ತೂಗಾಡಿತು. 1895ರಲ್ಲಿ ಅದು ಹಿರಿಯಳಾದ ಸಿಬೆಲ್‌ಗೆ ಸಂದಿತು. ಈಕೆ ಕಾದಂಬರಿಗಾರ್ತಿಯೂ ಹೌದು. ಈಕೆಯ ಗಂಡ ಬ್ಲಂಟ್ ಕೂಡ ಹೆಂಡತಿಯ ಮನೆಯ ಹೆಸರು ಸೇರಿಸಿಕೊಂಡು ಬ್ಲಂಟ್-ಮೆಕೆಂಜಿಯಾದ. ಮಗ ರೋಡರಿಕ್ (1904-1989) ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಾಳಾಗಿದ್ದ. ಮೆಕೆಂಜಿ ಕುಲದ ಹಿರಿಯ ಶಾಖೆಯಾದ ಸೀಫೋರ್ತ್‌ನಲ್ಲಿ 1815ರಲ್ಲೇ ಗಂಡು ಸಂತಾನ ನಿಂತುಹೋಗಿತ್ತು. 1979ರಲ್ಲಿ ಸ್ಕಾಟ್ಲೆಂಡಿನ ವಂಶಲಾಂಛನಗಳ ಅಧಿಕಾರಿ ಲಾರ್ಡ್ ಲಯನ್, ಮೆಕೆಂಜಿ ಎಂಬ ಹೆಸರು ಹೆಣ್ಣುಮಕ್ಕಳ ದಾರಿಯಿಂದಲೇ ಬಂದಿದ್ದ ಈ ರೋಡರಿಕ್‌ನನ್ನು ಇಡೀ ಮೆಕೆಂಜಿ ಕುಲದ ಮುಖ್ಯಸ್ಥನೆಂದು ಮಾನ್ಯ ಮಾಡಿದ. ಮನೆತನದ ಕೇಂದ್ರ ಕಾಸಲ್ ಲೌಡ್.